ಕೋಲ್ಕತ್ತಾದ ಚೈನಾಟೌನ್: ಬೆಳಗ್ಗೆ ಟಿರೆಟ್ಟಾ ಬಜಾರ್, ಸಂಜೆ ಟ್ಯಾಂಗ್ರಾ – ಹೋಗುವ ಸರಿಯಾದ ಕ್ರಮ

ಕೋಲ್ಕತ್ತಾಗೆ ಹೋಗಿ ಬಂದವರಿಂದ ನಾನು ಪದೇ ಪದೇ ಕೇಳುವ ಮಾತು ಒಂದಿದೆ. "ಚೈನಾಟೌನ್ ಹುಡುಕಿಕೊಂಡು ಹೋದ್ವಿ, ಅಲ್ಲಿ ಏನೂ ಇರಲಿಲ್ಲ." ಎಷ್ಟು ಗಂಟೆಗೆ ಹೋದಿರಿ ಅಂತ ಕೇಳಿದರೆ ಒಂಬತ್ತೂವರೆ, ಹತ್ತು ಅನ್ನುತ್ತಾರೆ. ಇನ್ನು ಕೆಲವರು ಟಿರೆಟ್ಟಾ ಬಜಾರಿಗೆ ರಾತ್ರಿ ಊಟಕ್ಕೆ ಹೋಗಿದ್ದಾರೆ. ಬೆಳಗಿನ ತಿಂಡಿ ಸಿಗುತ್ತದೆ ಅಂದುಕೊಂಡು ಟ್ಯಾಂಗ್ರಾಕ್ಕೆ ಹೋಗಿ ಮುಚ್ಚಿದ ಗೇಟಿನ ಮುಂದೆ ನಿಂತವರೂ ಇದ್ದಾರೆ.

ತಪ್ಪು ಜಾಗದ್ದಲ್ಲ, ಕ್ರಮದ್ದು. ಈ ಊರಿನಲ್ಲಿ ಚೈನಾಟೌನ್ ಎರಡಿವೆ. ಹಳೆಯದು ಊರಿನ ನಡುವೆ ಲಾಲ್‌ಬಜಾರ್ ಪಕ್ಕದ ಟಿರೆಟ್ಟಾ ಬಜಾರ್. ಅಲ್ಲಿನ ವಿಶೇಷ ಬೀದಿಬದಿಯ ಬೆಳಗಿನ ತಿಂಡಿ. ಎರಡನೆಯದು ಪೂರ್ವ ದಿಕ್ಕಿನ ಟ್ಯಾಂಗ್ರಾ. ಅಲ್ಲಿ ದೊಡ್ಡ ದೊಡ್ಡ ರೆಸ್ಟೋರೆಂಟುಗಳಿವೆ, ಜೀವ ಬರುವುದು ಮಧ್ಯಾಹ್ನದ ಮೇಲೆ. ಎರಡರ ನಡುವೆ ಆರೇಳು ಕಿಲೋಮೀಟರ್ ದೂರ. ಒಂದೇ ದಿನದಲ್ಲಿ ಎರಡನ್ನೂ ಆರಾಮಾಗಿ ನೋಡಬಹುದು, ಆದರೆ ಬೆಳಗ್ಗೆ ಟಿರೆಟ್ಟಾ, ಸಂಜೆ ಟ್ಯಾಂಗ್ರಾ ಅಂತಲೇ ಹೋಗಬೇಕು. ತಿರುಗುಮುರುಗು ಮಾಡಿದರೆ ಎರಡೂ ಕೈತಪ್ಪುತ್ತವೆ.

## ಹಂತ 1: ದಿನ ಮೊದಲು ಗೊತ್ತು ಮಾಡಿ, ಟಿಕೆಟ್ ಆಮೇಲೆ

ಟಿರೆಟ್ಟಾ ಬಜಾರಿನ ತಿಂಡಿಗೆ ಸರಿಯಾದ ದಿನ ಭಾನುವಾರ. ಬೇರೆ ದಿನಗಳಲ್ಲೂ ಕೆಲವರು ಕೂತಿರುತ್ತಾರೆ, ಆದರೆ ಅಂಗಡಿಗಳು ಕಡಿಮೆ, ಬಗೆಗಳೂ ಕಡಿಮೆ. ಹಾಗಾಗಿ ಶನಿವಾರ ರಾತ್ರಿ ನೀವು ಕೋಲ್ಕತ್ತಾದಲ್ಲಿ ಇರಲೇಬೇಕು. ಭಾನುವಾರ ಬೆಳಗಿನ ವಿಮಾನದಲ್ಲಿ ಬೆಂಗಳೂರಿನಿಂದ ಹೊರಟರೆ ಎರಡೂವರೆ ಗಂಟೆ ಆಕಾಶದಲ್ಲೇ ಕಳೆಯುತ್ತದೆ. ಇಳಿಯುವಷ್ಟರಲ್ಲಿ ತಿಂಡಿ ಮುಗಿದಿರುತ್ತದೆ.

ತಿಂಗಳ ವಿಷಯಕ್ಕೆ ಬಂದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜೋರು ಮಳೆ ಬಂದರೆ ಊರಿನ ನಡುವಿನ ಹಳೆಯ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ, ಫುಟ್‌ಪಾತಿನ ವ್ಯಾಪಾರ ನಡೆಯುವುದಿಲ್ಲ.

ಉಳಿದುಕೊಳ್ಳಲು ಎಸ್ಪ್ಲನೇಡ್, ಚಾಂದನಿ ಚೌಕ್, ನ್ಯೂ ಮಾರ್ಕೆಟ್ ಸುತ್ತಮುತ್ತ ರೂಮು ಹಿಡಿಯಿರಿ. ಬೆಳಗ್ಗೆ ಹತ್ತು ಹದಿನೈದು ನಿಮಿಷದಲ್ಲಿ ತಲುಪಬಹುದು.

## ಹಂತ 2: ಬೆಂಗಳೂರಿನ ಗಡಿಯಾರ ಮರೆತುಬಿಡಿ

ಜಾಸ್ತಿ ಜನ ಸೋಲುವುದು ಇಲ್ಲೇ. ಕೋಲ್ಕತ್ತಾ ನಮಗಿಂತ ತುಂಬಾ ಪೂರ್ವಕ್ಕಿದೆ. ಜೂನ್‌ನಲ್ಲಿ ಅಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಬೆಂಗಳೂರಿನಲ್ಲಿ ಆಗ ಇನ್ನೂ ಒಂದು ಗಂಟೆ ಕಾಯಬೇಕು. ಡಿಸೆಂಬರ್‌ನಲ್ಲೂ ಆರೂಕಾಲರ ಹೊತ್ತಿಗೆ ಬೆಳಕಾಗಿರುತ್ತದೆ. "ಭಾನುವಾರ ಅಲ್ವಾ, ಎಂಟಕ್ಕೆ ಹೊರಟರೆ ಆಯ್ತು" ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಐದೂವರೆಗೆ ಒಲೆ ಹತ್ತಿರುತ್ತದೆ. ಆರರಿಂದ ಏಳು ಗಂಟೆ ಒಳ್ಳೆಯ ಹೊತ್ತು. ಏಳೂವರೆ ದಾಟಿದರೆ ಒಂದೊಂದೇ ಪಾತ್ರೆ ಖಾಲಿಯಾಗುತ್ತ ಬರುತ್ತದೆ. ಎಂಟೂವರೆಯ ಹೊತ್ತಿಗೆ ಸ್ಟೂಲುಗಳನ್ನು ಎತ್ತಿಡುತ್ತಾರೆ. ಆಮೇಲೆ ಆ ಜಾಗ ತರಕಾರಿ, ಮೀನು ಮಾರುವ ಒಂದು ಸಾಮಾನ್ಯ ಬೀದಿ. ಒಂದು ಗಂಟೆಯ ಹಿಂದೆ ಅಲ್ಲಿ ಏನಿತ್ತು ಅಂತ ಊಹಿಸಲೂ ಆಗುವುದಿಲ್ಲ.

ಮೆಟ್ರೋ ನಂಬಬೇಡಿ. ಹತ್ತಿರದ ನಿಲ್ದಾಣ ಸೆಂಟ್ರಲ್ ಅನ್ನುವುದು ನಿಜ. ಆದರೆ ಭಾನುವಾರ ಆ ಮಾರ್ಗದಲ್ಲಿ ರೈಲು ಶುರುವಾಗುವುದೇ ತಡ. ಕ್ಯಾಬ್ ಅಥವಾ ಹಳದಿ ಟ್ಯಾಕ್ಸಿ ಹಿಡಿಯಿರಿ.

## ಹಂತ 3: ಕೈಯಲ್ಲಿ ಇವು ಇರಲಿ

ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಬೇಕು. ಮೊಬೈಲ್‌ನಲ್ಲಿ ದುಡ್ಡು ಕಳಿಸುವ ಅಭ್ಯಾಸದಲ್ಲಿ ನಾವು ಚಿಲ್ಲರೆ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೇವೆ. ಇಲ್ಲಿ ಹಿಂದೆ ಜನ ನಿಂತಿರುತ್ತಾರೆ, ಮಾರುವವರ ಎರಡೂ ಕೈಗೆ ಕೆಲಸ ಇರುತ್ತದೆ. ಚಿಲ್ಲರೆ ಕೊಟ್ಟರೆ ಇಬ್ಬರಿಗೂ ಸುಲಭ.

ಕುಡಿಯುವ ನೀರು, ಕೈ ಒರೆಸಲು ಕರವಸ್ತ್ರ, ಒಂದು ಬಟ್ಟೆ ಚೀಲ, ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ ಒಯ್ಯಿರಿ. ರಸ್ತೆ ಒದ್ದೆ ಇರುತ್ತದೆ, ಹಾಗಾಗಿ ಮುಚ್ಚಿದ ಶೂ ಒಳ್ಳೆಯದು. ಕೂರಲು ಜಾಗ ಕಮ್ಮಿ. ಜಾಸ್ತಿ ಜನ ನಿಂತೇ ತಿನ್ನುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

## ಹಂತ 4: ಪೋದ್ದಾರ್ ಕೋರ್ಟ್ ಗುರುತಿಗೆ ಹೋಗಿ

ಡ್ರೈವರ್‌ಗೆ "ಚೈನಾಟೌನ್" ಅನ್ನಬೇಡಿ. ಸೀದಾ ಟ್ಯಾಂಗ್ರಾಕ್ಕೆ ಕರೆದುಕೊಂಡು ಹೋಗಿಬಿಡಬಹುದು. "ಪೋದ್ದಾರ್ ಕೋರ್ಟ್, ಲಾಲ್‌ಬಜಾರ್ ಹತ್ತಿರ" ಅನ್ನಿ. ಪೋದ್ದಾರ್ ಕೋರ್ಟ್ ಒಂದು ದೊಡ್ಡ ಆಫೀಸ್ ಕಟ್ಟಡ. ಲಾಲ್‌ಬಜಾರ್‌ನಲ್ಲಿ ಪೊಲೀಸರ ಕೇಂದ್ರ ಕಚೇರಿ ಇದೆ. ಈ ಎರಡು ಹೆಸರು ಗೊತ್ತಿಲ್ಲದ ಡ್ರೈವರ್ ಸಿಗುವುದು ಕಷ್ಟ. ಕಟ್ಟಡದ ಹಿಂದೆ, ಸನ್ ಯಾತ್ ಸೆನ್ ಸ್ಟ್ರೀಟ್ ಕಡೆಗೆ ನಡೆದರೆ ಹಬೆ ಕಾಣಿಸುತ್ತದೆ.

ಕೆಂಪು ಕಮಾನು, ಡ್ರ್ಯಾಗನ್, ಸಾಲು ಸಾಲು ಕಾಗದದ ದೀಪಗಳನ್ನು ಹುಡುಕಬೇಡಿ. ಸಿಂಗಾಪುರ, ಬ್ಯಾಂಕಾಕ್ ನೋಡಿ ಬಂದವರು ಇಲ್ಲೇ ಮೋಸಹೋಗಿ, "ಇದಲ್ಲ ಬಿಡಿ" ಅಂತ ಮುಂದೆ ನಡೆದುಬಿಡುತ್ತಾರೆ. ಇಲ್ಲಿರುವುದು ಫುಟ್‌ಪಾತಿನ ಅಂಚಿನ ಒಂದಷ್ಟು ಮೇಜುಗಳು, ಅಲ್ಯೂಮಿನಿಯಂ ಹಬೆಪಾತ್ರೆಗಳು, ಕುದಿಯುವ ಸೂಪಿನ ದೊಡ್ಡ ಪಾತ್ರೆಗಳು. ಮಾರುವವರೆಲ್ಲ ಚೀನೀ ಮೂಲದವರೇ ಅಂತಲೂ ಇಲ್ಲ. ಟೊರಾಂಟೊ ಮುಂತಾದ ಕಡೆ ವಲಸೆ ಹೋದ ಕುಟುಂಬಗಳು ತುಂಬಾ. ಉಳಿದವರು ಕೆಲವೇ ಮಂದಿ. ಆ ಕೆಲವರು ಇನ್ನೂ ನಸುಕಿನಲ್ಲೇ ಎದ್ದು ಹಿಟ್ಟು ನಾದುತ್ತಾರೆ.

## ಹಂತ 5: ಮೊದಲು ಒಂದು ಸುತ್ತು, ಆಮೇಲೆ ತಿಂಡಿ

ಮೊದಲ ಮೇಜಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಈ ತುದಿಯಿಂದ ಆ ತುದಿಗೆ ಐದು ನಿಮಿಷ ಸುಮ್ನೆ ನಡೆಯಿರಿ. ಯಾವ ಮೇಜಿನ ಮುಂದೆ ಊರಿನವರು ನಿಂತಿದ್ದಾರೆ, ಯಾರ ಪಾತ್ರೆ ಬೇಗ ಖಾಲಿಯಾಗುತ್ತಿದೆ ಅಂತ ನೋಡಿ. ಆಮೇಲೆ ಈ ಕ್ರಮದಲ್ಲಿ ತಿನ್ನಿ.

ಮೊದಲು ಬಿಸಿ ಸೂಪು. ಮೀನಿನ ಉಂಡೆ ಅಥವಾ ಮಾಂಸದ ಉಂಡೆ ಹಾಕಿದ ತಿಳಿ ಸೂಪು. ನಾವು ತಿನ್ನುವ ಮಂಚೌ ಸೂಪಿನ ಹಾಗೆ ಗಟ್ಟಿ ಇರುವುದಿಲ್ಲ, ಖಾರವೂ ಇಲ್ಲ. ಸಪ್ಪೆ ಅಂತ ಸಾಸ್ ಸುರಿಯುವ ಮುಂಚೆ ನಾಲ್ಕು ಗುಟುಕು ಹಾಗೇ ಕುಡಿಯಿರಿ.

ಆಮೇಲೆ ಹಬೆಯಲ್ಲಿ ಬೆಂದದ್ದು. ಬಾವೋ ಅಂದರೆ ಒಳಗೆ ಮಾಂಸದ ಹೂರಣ ಇಟ್ಟ, ಇಡ್ಲಿಯಷ್ಟೇ ಬಿಳಿಯಾದ ಮೆತ್ತನೆಯ ಬನ್ನು. ಶೂಮೈ ಅಂದರೆ ಮೇಲ್ಭಾಗ ತೆರೆದ ಪುಟ್ಟ ಬುಟ್ಟಿಯಂಥದ್ದು. ಮೊಮೊ ನಿಮಗೆ ಗೊತ್ತೇ ಇದೆ. ಮಾರುವವರು ಮುಚ್ಚಳ ತೆಗೆದಾಗ ಹಬೆ ಭುಸ್ ಅಂತ ಮುಖಕ್ಕೆ ಬರಬೇಕು. ಬರದಿದ್ದರೆ ಆ ಪಾತ್ರೆ ಬಿಡಿ. ಬಾವೋವನ್ನು ಒಂದೇ ಸಲ ಬಾಯಿಗೆ ಹಾಕಬೇಡಿ. ಒಳಗಿನ ರಸ ಕೊತಕೊತ ಅನ್ನುತ್ತಿರುತ್ತದೆ. ಮೊದಲು ಮುರಿದು, ಹಬೆ ಹೋಗಲು ಬಿಡಿ.

ಕೊನೆಗೆ ಎಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬು. ಕರಾವಳಿಯವರಿಗೆ ಮೂಡೆ, ಕೊಟ್ಟೆ ಕಡುಬು ನೆನಪಾಗುತ್ತದೆ. ಆದರೆ ಇದು ಮೂಲೆಮೂಲೆಯಾದ ಪೊಟ್ಟಣ, ದಾರದಿಂದ ಬಿಗಿಯಾಗಿ ಸುತ್ತಿರುತ್ತಾರೆ. ದಾರದ ತುದಿ ಹುಡುಕಿ ಬಿಚ್ಚಿ, ಕಿತ್ತು ಎಳೆಯಬೇಡಿ. ಎಲೆಯನ್ನು ನಿಧಾನಕ್ಕೆ ಸುಲಿದರೆ ಅಕ್ಕಿಯ ಮೇಲೆ ಎಲೆಯ ಗೆರೆಗಳು ಅಚ್ಚೊತ್ತಿರುವುದು ಕಾಣುತ್ತದೆ. ಅಕ್ಕಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ನಡುವೆ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಎಲೆ ತಿನ್ನುವುದಕ್ಕಲ್ಲ. ಇದು ಹೊಟ್ಟೆ ಭಾರ ಮಾಡುವ ತಿಂಡಿ, ಅದಕ್ಕೇ ಕೊನೆಯಲ್ಲಿ ಇಟ್ಟದ್ದು. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೆ ಡಬ್ಬಿಗೆ ಹಾಕಿಸಿಕೊಂಡು ಮಧ್ಯಾಹ್ನದ ಒಳಗೆ ತಿಂದು ಮುಗಿಸಿ.

ಎಚ್ಚರಿಕೆಯ ಗುರುತುಗಳು ನಾಲ್ಕೈದು ಇವೆ. ಸೂಪು ಕುದಿಯುತ್ತಿರದೆ ಉಗುರುಬೆಚ್ಚಗಿದ್ದರೆ ಬೇಡ. ಬಾವೋ ಮೇಲೆ ಒಣಗಿದ ಪದರ ಬಂದಿದ್ದರೆ ಅದು ತುಂಬಾ ಹೊತ್ತಿನಿಂದ ತೆರೆದಿದೆ ಅಂತ ಅರ್ಥ. ಬೇಸಿಗೆಯಲ್ಲಿ ಸಿಗಡಿ ಇರುವುದನ್ನು ಏಳು ಗಂಟೆಯ ಮೇಲೆ ನಾನಂತೂ ತಿನ್ನುವುದಿಲ್ಲ. ಬಟ್ಟಲು ತೊಳೆಯುವ ನೀರು ಹೇಗಿದೆ ಅಂತ ಒಮ್ಮೆ ಕಣ್ಣಾಡಿಸಿ. ಅನುಮಾನ ಬಂದರೆ ಸೂಪನ್ನು ನಿಮ್ಮ ಡಬ್ಬಿಗೇ ಹಾಕಿಸಿಕೊಳ್ಳಿ.

## ಹಂತ 6: ಏನು ತಿನ್ನಲ್ಲ ಅನ್ನುವುದನ್ನು ಮೊದಲೇ ಹೇಳಿ

ಇಲ್ಲಿ ಹಂದಿಮಾಂಸ ಜಾಸ್ತಿ. ನೋಡಿದರೆ ಕೋಳಿಯದ್ದು ಯಾವುದು, ಹಂದಿಯದ್ದು ಯಾವುದು ಗೊತ್ತಾಗುವುದಿಲ್ಲ. ದುಡ್ಡು ಕೊಡುವ ಮುಂಚೆ ಕೇಳಿ. ಬಂಗಾಳಿಯಲ್ಲಿ ಮೂರು ಮಾತು ಸಾಕು. "ಎಟಾ ಕೀ?" ಅಂದರೆ ಇದೇನು. "ಪೋರ್ಕ್ ಆಛೆ?" ಅಂದರೆ ಹಂದಿಮಾಂಸ ಇದೆಯಾ. "ಕೊತೊ?" ಅಂದರೆ ಎಷ್ಟು. ಹಿಂದಿಯೂ ನಡೆಯುತ್ತದೆ. ಗಂಡಸರಿಗೆ ದಾದಾ, ಹೆಂಗಸರಿಗೆ ದೀದಿ ಅನ್ನಿ.

ಸಸ್ಯಾಹಾರಿಗಳಿಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಟಿರೆಟ್ಟಾ ಬಜಾರ್ ನಿಮ್ಮ ಹೊಟ್ಟೆ ತುಂಬಿಸುವ ಜಾಗ ಅಲ್ಲ. ಎಳ್ಳು ಮೆತ್ತಿದ ಸಿಹಿ ಉಂಡೆ ಸಿಗಬಹುದು, ಪಕ್ಕದಲ್ಲಿ ಪೂರಿ ಪಲ್ಯ ಸಿಗುತ್ತದೆ. ವೆಜ್ ಮೊಮೊ ಸಿಕ್ಕರೂ ಅದೇ ಹಬೆಪಾತ್ರೆಯಲ್ಲಿ, ಅದೇ ಚಿಮಟದಲ್ಲಿ ತೆಗೆದದ್ದು. ಅದು ನಿಮಗೆ ಆಗುವುದಿಲ್ಲ ಅಂತಾದರೆ ತಿಂಡಿ ಬೇರೆ ಕಡೆ ಮುಗಿಸಿ, ಮುಂದಿನ ಹಂತದ ಗಲ್ಲಿ ಸುತ್ತಾಟಕ್ಕೆ ಬನ್ನಿ. ಆ ಸುತ್ತಾಟಕ್ಕಾಗಿಯಾದರೂ ಬರಬೇಕು. ಬಂಗಾಳಿಯಲ್ಲಿ ಸಸ್ಯಾಹಾರಕ್ಕೆ ನಿರಾಮಿಷ್ ಅನ್ನುತ್ತಾರೆ. ಸುಮ್ನೆ "ವೆಜ್" ಅನ್ನುವುದಕ್ಕಿಂತ "ಮೀನೂ ಬೇಡ, ಮೊಟ್ಟೆಯೂ ಬೇಡ" ಅಂತ ಬಿಡಿಸಿ ಹೇಳುವುದು ಒಳ್ಳೆಯದು.

## ಹಂತ 7: ಗಲ್ಲಿಗಳು, "ಚರ್ಚು"ಗಳು

ತಿಂಡಿ ಮುಗಿಯುವುದು ಏಳೂವರೆಗೆ. ಅಲ್ಲಿಂದ ಹೋಟೆಲಿಗೆ ಓಡಬೇಡಿ. ಸುತ್ತಲಿನ ಗಲ್ಲಿಗಳಲ್ಲಿ ಚೀನೀ ದೇವಸ್ಥಾನಗಳಿವೆ. ಅವುಗಳನ್ನು ಚರ್ಚ್ ಅಂತಲೇ ಕರೆಯುತ್ತಾರೆ. ಹೆಸರು ಕೇಳಿ ಶಿಲುಬೆ ಹುಡುಕಿದವರು ಬಾಗಿಲಿನ ಮುಂದೆಯೇ ಹಾದುಹೋಗಿದ್ದಾರೆ.

ಛಾತಾವಾಲಾ ಗಲ್ಲಿಯ ಸೀ ಇಪ್ ಚರ್ಚ್‌ನಿಂದ ಶುರು ಮಾಡಿ. ಕಟ್ಟಡ 1905ರದ್ದು. ದೇವರು ಇರುವುದು ಮಹಡಿಯ ಮೇಲೆ. ಕೆಳಗೆ ನಿಂತು ನೋಡಿ ವಾಪಸ್ ಬರಬೇಡಿ, ಅನುಮತಿ ಕೇಳಿ ಮೆಟ್ಟಿಲು ಹತ್ತಿ. ಕರುಣೆಯ ದೇವತೆ ಕ್ವಾನ್ ಯಿನ್‌ಗೆ ಇಲ್ಲಿ ಪೂಜೆ. ಆಮೇಲೆ ಬ್ಲ್ಯಾಕ್‌ಬರ್ನ್ ಲೇನ್‌ನ ಟೂಂಗ್ ಆನ್ ಚರ್ಚ್. ಇದೇ ಕಟ್ಟಡದ ಕೆಳಗೆ ಹಿಂದೆ ನ್ಯಾನ್‌ಕಿಂಗ್ ಅನ್ನುವ ಹೆಸರಾಂತ ರೆಸ್ಟೋರೆಂಟ್ ಇತ್ತು. ಡ್ಯಾಮ್ಜೆನ್ ಲೇನ್‌ನಲ್ಲಿ ನಾಮ್ ಸೂನ್ ಚರ್ಚ್ ಇದೆ. ಎಲ್ಲವೂ ಹತ್ತಿರ ಹತ್ತಿರ, ನಡೆದೇ ಹೋಗಬಹುದು. ಬೀಗ ಹಾಕಿದ್ದರೆ ಪಕ್ಕದ ಮನೆಯಲ್ಲಿ ಮೆಲ್ಲಗೆ ವಿಚಾರಿಸಿ. ನೋಡಿಕೊಳ್ಳುವವರು ಇದ್ದರೆ ತೆಗೆದು ತೋರಿಸುತ್ತಾರೆ, ಇಲ್ಲದಿದ್ದರೆ ಮುಂದೆ ಹೋಗಿ.

ಒಳಗೆ ಹೋದಾಗ ಬಾಗಿಲ ಬಳಿ ಚಪ್ಪಲಿ ಬಿಟ್ಟಿದ್ದಾರಾ ನೋಡಿ, ಹಾಗೇ ಮಾಡಿ. ಪೀಠದ ಮುಂದೆ ಡಬ್ಬಿಯಲ್ಲಿ ಬಿದಿರಿನ ಕಡ್ಡಿಗಳಿರುತ್ತವೆ. ಅದು ಶಕುನ ಕೇಳುವ ಕಡ್ಡಿ, ನಮ್ಮಲ್ಲಿ ಹೂವಿನ ಪ್ರಸಾದ ಕೇಳುವ ಹಾಗೆ. ಅಲ್ಲಾಡಿಸಿ ಆಟ ಆಡಬೇಡಿ. ಊದುಬತ್ತಿ ಹಚ್ಚಬೇಕು ಅನ್ನಿಸಿದರೆ ಕೇಳಿ ಹಚ್ಚಿ, ಹುಂಡಿಗೆ ಕೈಲಾದಷ್ಟು ಹಾಕಿ.

ಇನ್ನೊಂದು ಮಾತು. ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಇಲ್ಲಿನವರನ್ನು "ನೀವು ಚೈನಾದವರಾ?" ಅಂತ ಕೇಳಬೇಡಿ. ತಲೆಮಾರುಗಳಿಂದ ಇಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಹಕ್ಕಾ ಅನ್ನುವ ಚೀನೀ ಭಾಷೆ, ಬೀದಿಯಲ್ಲಿ ಬಂಗಾಳಿ ಮತ್ತು ಹಿಂದಿ ಆಡುವವರು. 1962ರ ಭಾರತ-ಚೀನಾ ಯುದ್ಧದ ಹೊತ್ತಿನಲ್ಲಿ ಚೀನೀ ಮೂಲದ ಸುಮಾರು 3,000 ಮಂದಿಯನ್ನು ರಾಜಸ್ಥಾನದ ದೇವಲಿಯ ಬಂಧನ ಶಿಬಿರಕ್ಕೆ ಕಳಿಸಿದ್ದರು. ಆ ನೆನಪು ಇರುವ ಮನೆಗಳು ಇವು. ಫೋಟೋ ತೆಗೆಯುವ ಮುಂಚೆ ಕೇಳಿ. ತಿಂಡಿ ಕೊಳ್ಳದೆ ಮುಖಕ್ಕೆ ಕ್ಯಾಮೆರಾ ಹಿಡಿಯುವವರಿಂದ ಅವರು ಬೇಸತ್ತಿದ್ದಾರೆ. ಮೊದಲು ಕೊಳ್ಳಿ, ತಿನ್ನಿ, ನಾಲ್ಕು ಮಾತಾಡಿ.

## ಹಂತ 8: ಸಾಸ್ ಕೊಳ್ಳುವುದು

ಇದೇ ಸುತ್ತಮುತ್ತ ಚೀನೀ ದಿನಸಿ ಮತ್ತು ಸಾಸ್ ಅಂಗಡಿಗಳಿವೆ. ಪೌ ಚಾಂಗ್ ಹೆಸರಿನ ಹಸಿಮೆಣಸಿನಕಾಯಿ ಸಾಸ್ ಕೋಲ್ಕತ್ತಾದ ಮನೆಮನೆಗೂ ಗೊತ್ತು. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಬಟ್ಟೆಗಳ ನಡುವೆ ಇಟ್ಟು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಇಟ್ಟುಕೊಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಕರಾರು ಬರಬಹುದು.

## ಹಂತ 9: ಮಧ್ಯಾಹ್ನ ವಿರಾಮ

ಎರಡು ಭಾರೀ ಊಟಗಳ ನಡುವೆ ಇನ್ನೊಂದು ಭಾರೀ ಊಟ ಬೇಡ. ರೂಮಿಗೆ ಹೋಗಿ ಮಲಗಿ. ಹಸಿವಾದರೆ ಹಣ್ಣು ತಿನ್ನಿ.

## ಹಂತ 10: ಟ್ಯಾಂಗ್ರಾ – ಮೊದಲು ಕಾಳಿ, ಆಮೇಲೆ ಊಟ

ಟ್ಯಾಂಗ್ರಾಕ್ಕೆ ನಾಲ್ಕು ಗಂಟೆಗೆ ತಲುಪುವ ಹಾಗೆ ಹೊರಡಿ. ಡಿಸೆಂಬರ್‌ನಲ್ಲಿ ಅಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಟ್ಯಾಂಗ್ರಾ ದೊಡ್ಡ ಪ್ರದೇಶ, ಹಾಗಾಗಿ ಆ್ಯಪ್‌ನಲ್ಲಿ ಸುಮ್ನೆ "ಟ್ಯಾಂಗ್ರಾ" ಅಂತ ಹಾಕಿದರೆ ಬೇರೆಲ್ಲೋ ಇಳಿಯುತ್ತೀರಿ. ಮಠೇಶ್ವರ್‌ತಲಾ ರೋಡಿನ ಚೈನೀಸ್ ಕಾಳಿ ಮಂದಿರ ಅಂತ ಗುರುತು ಹಾಕಿ.

ಪುಟ್ಟ ದೇವಸ್ಥಾನ. ಇಲ್ಲಿನ ಚೀನೀ ಕುಟುಂಬಗಳೂ ಕಾಳಿಗೆ ನಡೆದುಕೊಳ್ಳುತ್ತಾರೆ. ನೂಡಲ್ಸ್, ಚಾಪ್‌ಸೂಯಿ ನೈವೇದ್ಯ ಮಾಡುತ್ತಾರೆ ಅನ್ನುವುದಕ್ಕೆ ಇದು ಹೆಸರುವಾಸಿ. ಹೋದಾಗೆಲ್ಲ ನೂಡಲ್ಸ್ ಪ್ರಸಾದ ಸಿಗುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಕೈಮುಗಿದು, ಸ್ವಲ್ಪ ಹೊತ್ತು ಕೂತು ಬನ್ನಿ.

ಸುತ್ತಲಿನ ಎತ್ತರದ ಗೋಡೆಗಳು, ಕಬ್ಬಿಣದ ಗೇಟುಗಳು ಚರ್ಮ ಹದ ಮಾಡುವ ಕಾರ್ಖಾನೆಗಳದ್ದು. 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಆ ಕೆಲಸ ಊರಾಚೆಯ ಬಾಂತಲಾಕ್ಕೆ ಸ್ಥಳಾಂತರವಾಯಿತು. ಹೀಗಾಗಿ ರೆಸ್ಟೋರೆಂಟಿನ ಮುಂಭಾಗ ನೋಡಿ ಹೆದರಬೇಡಿ. ಗೇಟು ಗೋದಾಮಿನ ಥರ ಇರುತ್ತದೆ, ಒಳಗೆ ಹೋದರೆ ದೊಡ್ಡ ಎಸಿ ಹಾಲ್.

ಕಿಮ್ ಲಿಂಗ್, ಬೀಜಿಂಗ್, ಗೋಲ್ಡನ್ ಜಾಯ್, ಬಿಗ್ ಬಾಸ್ ಹೆಸರಾದವು. ಭಾನುವಾರ ಸಂಜೆ ಕುಟುಂಬಗಳ ನೂಕುನುಗ್ಗಲು. ಆರೂವರೆಗೆ ಮೊದಲೇ ಕೂತುಬಿಡಿ, ಇಲ್ಲವೇ ಮಧ್ಯಾಹ್ನವೇ ಫೋನ್ ಮಾಡಿ ಟೇಬಲ್ ಹೇಳಿಡಿ.

ಟಿರೆಟ್ಟಾದ ರುಚಿ ನಮಗೆ ಹೊಸದು. ಟ್ಯಾಂಗ್ರಾದ್ದು ಹಾಗಲ್ಲ. ಚಿಲ್ಲಿ ಚಿಕನ್, ಹಕ್ಕಾ ನೂಡಲ್ಸ್, ಮಂಚೂರಿ – ನಮ್ಮ ಗೋಬಿ ಮಂಚೂರಿ ಗಾಡಿಯ ಹಿರಿಯ ಬಂಧುಗಳೇ ಇವರು. ವ್ಯತ್ಯಾಸ ಬಣ್ಣದಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಬೇಕಾಯಿತು, ನೆನಪಿದೆಯಾ? ಇಲ್ಲೂ ಅದೇ ಅಳತೆಗೋಲು ಹಿಡಿಯಿರಿ. ಒಳ್ಳೆಯ ಅಡುಗೆಮನೆಯ ಚಿಲ್ಲಿ ಚಿಕನ್ ಕಂದು ಬಣ್ಣಕ್ಕಿರುತ್ತದೆ, ಹಸಿಮೆಣಸಿನ ಘಾಟು ಮೂಗಿಗೆ ಬಡಿಯುತ್ತದೆ. ಕುಂಕುಮದ ಹಾಗೆ ಕೆಂಪಗಿದ್ದು, ಬೆರಳಿಗೆ ಬಣ್ಣ ಹತ್ತಿದರೆ ಮುಂದಿನ ತಟ್ಟೆ ಹೇಳಬೇಡಿ.

ಆರ್ಡರ್ ಮಾಡುವಾಗ ಆಗುವ ತಪ್ಪು ತಲೆಗೊಂದು ತಟ್ಟೆ ಹೇಳುವುದು. ಇಲ್ಲಿ ಪ್ರಮಾಣ ಜಾಸ್ತಿ. ನಾಲ್ಕು ಜನಕ್ಕೆ ಒಂದು ನೂಡಲ್ಸ್ ಅಥವಾ ಅನ್ನ, ಎರಡು ಪಕ್ಕದ ತಟ್ಟೆ ಹೇಳಿ ನೋಡಿ. ಸಾಲದಿದ್ದರೆ ಇನ್ನೊಂದು. ಎಲ್ಲವನ್ನೂ ಗ್ರೇವಿಯಲ್ಲೇ ಹೇಳಿದರೆ ಎಲ್ಲದರ ರುಚಿ ಒಂದೇ ಆಗುತ್ತದೆ. ಒಂದು ಡ್ರೈ, ಒಂದು ಗ್ರೇವಿ ಇರಲಿ. ಅಜಿನೊಮೊಟೊ ಬೇಡವಾದರೆ ಆರ್ಡರ್ ಕೊಡುವಾಗಲೇ ಹೇಳಬೇಕು, ತಟ್ಟೆ ಬಂದ ಮೇಲೆ ಹೇಳಿ ಉಪಯೋಗ ಇಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ಪನೀರ್, ಗೋಬಿ, ಅಣಬೆ, ವೆಜ್ ನೂಡಲ್ಸ್ ಎಲ್ಲ ಸಿಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡು: ಸೂಪಿಗೆ ಕೋಳಿಯ ಸ್ಟಾಕ್ ಹಾಕುತ್ತೀರಾ, ಆಯ್‌ಸ್ಟರ್ ಅಥವಾ ಮೀನಿನ ಸಾಸ್ ಇದೆಯಾ.

ಊಟ ಮುಗಿದ ಮೇಲೆ ರಸ್ತೆಗೆ ಬಂದು ಕ್ಯಾಬ್ ಹುಡುಕಬೇಡಿ. ಗೋಡೆಗಳ ನಡುವಿನ ದಾರಿ ರಾತ್ರಿ ನಿರ್ಜನವಾಗಿರುತ್ತದೆ. ರೆಸ್ಟೋರೆಂಟಿನ ಒಳಗೇ ಕೂತು ಬುಕ್ ಮಾಡಿ, ಗಾಡಿ ಗೇಟಿಗೆ ಬಂದ ಮೇಲೆ ಎದ್ದೇಳಿ.

## ಹಬ್ಬಕ್ಕೆ ಹೋಗುವವರಿಗೆ

ಚೀನೀ ಹೊಸ ವರ್ಷ ಚಾಂದ್ರಮಾನದ್ದು, ಪ್ರತಿ ವರ್ಷ ದಿನ ಬದಲಾಗುತ್ತದೆ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಎರಡೂ ಕಡೆ ಸಿಂಹ ನೃತ್ಯ ಇರುತ್ತದೆ. ಪಟಾಕಿ ಜೋರು, ಚಿಕ್ಕ ಮಕ್ಕಳಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಹಬ್ಬದ ನಂತರ ಇಲ್ಲಿನವರು ಬಜ್‌ಬಜ್ ಆಚೆಯ ಅಛಿಪುರಕ್ಕೆ ಹೋಗುತ್ತಾರೆ. ಬಂಗಾಳಕ್ಕೆ ಬಂದು ನೆಲೆಸಿದ ಮೊದಲ ಚೀನೀಯ ಅನ್ನಿಸಿಕೊಂಡ ಟಾಂಗ್ ಅಚ್ಯೂನ ಸಮಾಧಿ ಅಲ್ಲಿ ಹೂಗ್ಲಿ ನದಿಯ ದಂಡೆಯಲ್ಲಿದೆ. ಕೆಂಪು ಬಣ್ಣದ್ದು, ಕುದುರೆ ಲಾಳದ ಆಕಾರ. ಅದಕ್ಕೆ ಬೇರೆಯದೇ ಅರ್ಧ ದಿನ ಇಡಬೇಕು. ಟಿರೆಟ್ಟಾ, ಟ್ಯಾಂಗ್ರಾ ಜೊತೆಗೆ ತುರುಕಬೇಡಿ.

## ಎಲ್ಲ ತಪ್ಪಿ ಒಂಬತ್ತಕ್ಕೆ ತಲುಪಿದರೆ

ವಾಪಸ್ ಹೋಗಬೇಡಿ. 7 ಮತ್ತು 8ನೇ ಹಂತ ಹಾಗೇ ಮಾಡಿ, ಗಲ್ಲಿಗಳು ಎಲ್ಲೂ ಓಡಿಹೋಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಗಣೇಶ್ ಚಂದ್ರ ಅವೆನ್ಯೂನ ಓ ಛೂಗೆ ಹೋಗಿ. ಕುಟುಂಬವೊಂದು ನಡೆಸಿಕೊಂಡು ಬಂದಿರುವ ಹಳೆಯ ರೆಸ್ಟೋರೆಂಟ್ ಅದು, ಪೆಟ್ರೋಲ್ ಬಂಕಿನ ಮೇಲಿನ ಮಹಡಿಯಲ್ಲಿದೆ. ಅವತ್ತು ತೆರೆದಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಜೋಸೆಫೀನ್ ನೂಡಲ್ಸ್ ಮತ್ತು ಚಿಮಣಿ ಸೂಪು ಹೇಳಿ. ಚಿಮಣಿ ಸೂಪು ಅಂದರೆ ನಡುವೆ ಕೊಳವೆ ಇರುವ ಪಾತ್ರೆಯಲ್ಲಿ ಕುದಿಯುತ್ತಲೇ ಮೇಜಿಗೆ ಬರುವ ಸೂಪು, ಒಬ್ಬರಿಗೆ ಮುಗಿಯುವಂಥದ್ದಲ್ಲ. ಸೋಮವಾರವೂ ಊರಿನಲ್ಲೇ ಇರುತ್ತೀರಾ? ಹಾಗಾದರೆ ಐದು ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ಭಾನುವಾರದಷ್ಟು ಅಂಗಡಿ ಇರುವುದಿಲ್ಲ, ಆದರೆ ಒಂದು ಬಿಸಿ ಬಾವೋ, ಒಂದು ಬಟ್ಟಲು ಸೂಪು ಖಂಡಿತ ಪ್ರಯತ್ನಿಸಿ ನೋಡಬಹುದು.